ಎಚ್‌.ಐ.ವಿ. ಸೋಂಕಿತರಲ್ಲಿ ಲಿಂಫೋಮದ ಗುರುತು: ರಕ್ತ ಮತ್ತು ಅಂಗಾಂಶಗಳ ಸಾಕ್ಷ್ಯ

ಕ್ರಿ.ಶ. ೨೦೧೨ನೆಯ ವರ್ಷದ ಕೊನೆಯಲ್ಲಿ ಬಂಡೀಪುರದ ಅರಣ್ಯದಲ್ಲಿ ಕೋತಿಗಳು ಸತ್ತು ಬೀಳತೊಡಗಿದುವು. ಅವುಗಳ ಕಳೇಬರಗಳನ್ನು ಮುಟ್ಟಿದವರಲ್ಲಿ ಕೆಲವರು ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಕೋತಿಗಳ ಅಂಗಾಂಶವನ್ನೂ ಮನುಷ್ಯರ ರಕ್ತವನ್ನೂ ಕಾಡಿನ ಉಣುಗುಗಳನ್ನೂ ಪರೀಕ್ಷಿಸಿ, ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯೇ ಇದೆಂದು ನಿಶ್ಚಯಿಸಿದರು. ಅಲ್ಲಿ ಕಾರಣವು ಒಂದೇ ವೈರಾಣು. ಅದರ ಗುರುತು ರಕ್ತದಲ್ಲಿಯೇ ಇತ್ತು.

ಇದೇ ಪ್ರಾಂತದಲ್ಲಿ ಹೆಸರು ಪಡೆಯಲು ಇಷ್ಟು ಸುಲಭವಾಗಿ ಒಪ್ಪದ ಇನ್ನೊಂದು ರೋಗವಿದೆ. ಎಚ್‌.ಐ.ವಿ. ಸೋಂಕುಳ್ಳವರಲ್ಲಿ ತಲೆದೋರುವ ಲಿಂಫೋಮ, ಎಂದರೆ ಬಿಳಿಯ ರಕ್ತಕಣಗಳಲ್ಲಿ ಹುಟ್ಟಿ ಬಹುಮಟ್ಟಿಗೆ ದುಗ್ಧರಸ ಗ್ರಂಥಿಗಳನ್ನು ಹಿಡಿಯುವ ಕ್ಯಾನ್ಸರು, ಆ ರೋಗ. ಇದರ ಗುರುತುಗಳನ್ನು ವೈದ್ಯಶಾಸ್ತ್ರವು ಹೇಗೆ ಸಂಪಾದಿಸಿತೆಂಬುದನ್ನೂ, ಆ ಗುರುತುಗಳು ಗುಂಡ್ಲುಪೇಟೆಯಂತಹ ತಾಲ್ಲೂಕಿನವರೆಗೆ ತಲುಪುವಲ್ಲಿ ಇರುವ ತೊಡಕನ್ನೂ ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ವಿಷಯವು ವೈದ್ಯರದು; ಆದರೆ ಸಾಕ್ಷ್ಯಪರೀಕ್ಷೆಯ ಪ್ರಶ್ನೆಯು ಚರಿತ್ರಕಾರರಿಗೂ ಸೇರಿದ್ದು.

೧೮೩೨ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ನನು ಶವಪರೀಕ್ಷೆಯಲ್ಲಿ ಕಂಡ ಊದಿದ ಗ್ರಂಥಿಗಳನ್ನು ವರ್ಣಿಸಿದಾಗ ಅವನ ಆಧಾರ ಬರಿಗಣ್ಣೇ ಆಗಿತ್ತು. ೧೮೯೮ರಲ್ಲಿ ವಿಯೆನ್ನಾದ ಕಾರ್ಲ್ ಸ್ಟೆರ್ನ್‌ಬೆರ್ಗನು ಸೂಕ್ಷ್ಮದರ್ಶಕದಲ್ಲಿ ಈ ಗ್ರಂಥಿಗಳ ವಿಚಿತ್ರವಾದ ದೊಡ್ಡ ಕಣಗಳನ್ನು ನೋಡಿದನಾದರೂ, ಇದು ಕ್ಷಯದ ಒಂದು ವಿಶೇಷ ರೂಪವೆಂದೇ ಬಗೆದನು. ೧೯೦೨ರಲ್ಲಿ ಬಾಲ್ಟಿಮೋರಿನ ಡಾರತಿ ರೀಡ್ ಅದೇ ಕಣಗಳನ್ನು ಸ್ಪಷ್ಟವಾಗಿ ನಿರೂಪಿಸಿ, ಇದು ಕ್ಷಯವಲ್ಲವೆಂದು ವಾದಿಸಿದಳು. ಇಬ್ಬರ ಹೆಸರೂ ಆ ಕಣಕ್ಕೆ ಇಂದಿಗೂ ಅಂಟಿಕೊಂಡಿದೆ. ನೂರಿಪ್ಪತ್ತು ವರ್ಷಗಳ ಹಿಂದಿನ ಈ ವಿವಾದವನ್ನು ನಾವು ಇಲ್ಲಿ ವಿಸ್ತರಿಸುವುದಕ್ಕೆ ಕಾರಣವುಂಟು: ಪುಸ್ತಕದಲ್ಲಿ ಅಂದೇ ಮುಗಿದ ಅದು ನಮ್ಮ ಚಿಕಿತ್ಸಾಲಯಗಳಲ್ಲಿ ಇನ್ನೂ ಮುಗಿದಿಲ್ಲ.

೧೯೫೮ರಲ್ಲಿ ಡೆನಿಸ್ ಬರ್ಕಿಟ್ಟನು ಉಗಾಂಡದ ಮಕ್ಕಳ ದವಡೆಯ ಗೆಡ್ಡೆಗಳನ್ನು ವರ್ಣಿಸಿದನು. ೧೯೬೪ರಲ್ಲಿ ಎಪ್‌ಸ್ಟೀನ್, ಅಚಾಂಗ್, ಬಾರ್ ಎಂಬ ಮೂವರು ಅಂತಹ ಗೆಡ್ಡೆಯ ಕಣಗಳಲ್ಲಿ ಒಂದು ವೈರಾಣುವನ್ನು ಕಂಡರು. ಎಪ್‌ಸ್ಟೀನ್-ಬಾರ್ ಎಂದು ಹೆಸರಾದ ಈ ವೈರಾಣುವು ವಯಸ್ಕರಲ್ಲಿ ಬಹುಮಂದಿಯ ದೇಹದಲ್ಲಿ ಅಪಾಯವಿಲ್ಲದೆ ಅಡಗಿರುತ್ತದೆ. ಎಚ್‌.ಐ.ವಿ.ಯು ಸಿ.ಡಿ. ೪ ಎಂಬ ರಕ್ಷಕ ಕಣಗಳನ್ನು ನಾಶಮಾಡಿದಾಗ ಇದರ ಮೇಲಣ ಹಿಡಿತ ಸಡಿಲುತ್ತದೆ. ಅಮೆರಿಕದಲ್ಲಿ ೧೯೮೧ರಲ್ಲಿ ಏಡ್ಸ್ ಪ್ರಥಮವಾಗಿ ವರದಿಯಾದ ಮರುವರ್ಷವೇ ಸೋಂಕಿತರಲ್ಲಿ ಬರ್ಕಿಟ್ಟನ ಬಗೆಯ ಲಿಂಫೋಮಗಳು ಕಾಣಿಸಿಕೊಂಡುವು. ೧೯೮೫ರಲ್ಲಿ ಉಗ್ರಸ್ವರೂಪದ ಲಿಂಫೋಮಗಳು ಏಡ್ಸಿನ ಲಕ್ಷಣನಿರ್ದೇಶದಲ್ಲಿ ಸೇರಿದುವು. ಭಾರತದಲ್ಲಿ ಎಚ್‌.ಐ.ವಿ. ಮೊದಲು ಪತ್ತೆಯಾದುದು ೧೯೮೬ರಲ್ಲಿ, ಮದರಾಸಿನಲ್ಲಿ.

ಈಗ ರಕ್ತದ ಸಾಕ್ಷ್ಯಕ್ಕೆ ಬರೋಣ. ೧೯೮೪ರಲ್ಲಿ ಅಮೆರಿಕದ ಕೆಲವು ನಗರಗಳಲ್ಲಿ ಪ್ರಾರಂಭವಾದ ದೀರ್ಘಕಾಲೀನ ಅಧ್ಯಯನವೊಂದರಲ್ಲಿ ಸಹಸ್ರಾರು ಪುರುಷರ ರಕ್ತವನ್ನು ನಿಯತಕಾಲಗಳಲ್ಲಿ ಪಡೆದು ಹಿಮದಂತೆ ಹೆಪ್ಪುಗಟ್ಟಿಸಿ ಇಟ್ಟರು. ಮುಂದೆ ಲಿಂಫೋಮ ಬಂದವರ ಹಳೆಯ ಸೀಸೆಗಳನ್ನು ತೆರೆದು ನೋಡಿದಾಗ, ರೋಗವು ವ್ಯಕ್ತವಾಗುವ ಕೆಲವು ವರ್ಷಗಳ ಮೊದಲೇ ಸಿ.ಡಿ. ೨೩, ಸಿ.ಡಿ. ೩೦ ಎಂಬ ಕಣಮೇಲ್ಮೈಯ ದ್ರವ್ಯಗಳೂ, ಇಂಟರ್‌ಲ್ಯೂಕಿನ್-೬ ಮುಂತಾದ ಸಂದೇಶದ್ರವ್ಯಗಳೂ ಅಧಿಕವಾಗಿದ್ದುದು ತಿಳಿದುಬಂದಿತು. ಪ್ರತಿಕಾಯಗಳ ಬಿಡಿಸರಪಣಿಗಳ ಹೆಚ್ಚಳವೂ ಇಂತಹುದೇ ಮುನ್ಸೂಚನೆಯೆಂದು ಇತರ ಸಂಶೋಧನೆಗಳು ತೋರಿಸಿವೆ. ಹಳೆಯ ಕಡತವನ್ನು ಹೊಸ ಪ್ರಶ್ನೆಯೊಡನೆ ಓದುವ ಅಭ್ಯಾಸವುಳ್ಳ ನಮಗೆ ಈ ಹೆಪ್ಪುಗಟ್ಟಿದ ಭಂಡಾರವು ಪ್ರಾಚ್ಯಪತ್ರಾಗಾರದಂತೆಯೇ ತೋರುತ್ತದೆ.

ಆದರೆ ಈ ಮುನ್ಸೂಚನೆಗಳಿಗೆ ಅತಿಯಾದ ಬೆಲೆ ಕಟ್ಟಲಾಗದು. ಒಂದು ಗುಂಪಿನಲ್ಲಿ ಅಪಾಯ ಹೆಚ್ಚೆಂದು ಅವು ಹೇಳಬಲ್ಲುವು. ಎದುರಿಗೆ ಕುಳಿತ ರೋಗಿಯ ಕೊರಳ ಗಂಟು ಏನೆಂದು ಹೇಳಲಾರವು. ಎಲ್‌.ಡಿ.ಎಚ್. ಎಂಬ ಕಿಣ್ವವು ಲಿಂಫೋಮದಲ್ಲಿ ಏರುತ್ತದೆ, ಕ್ಷಯದಲ್ಲಿಯೂ ಏರಬಹುದು. ರಕ್ತದಲ್ಲಿ ಎಪ್‌ಸ್ಟೀನ್-ಬಾರ್ ವೈರಾಣುವಿನ ಅಂಶ ದೊರೆತರೆ ಸಂಶಯಕ್ಕೆ ಬಲ ಬರುತ್ತದೆ, ನಿರ್ಣಯವಾಗುವುದಿಲ್ಲ. ನಿರ್ಣಯವು ಅಂಗಾಂಶದ್ದು: ಗ್ರಂಥಿಯನ್ನು ಶಸ್ತ್ರದಿಂದ ತೆಗೆದು, ತೆಳುವಾಗಿ ಸೀಳಿ, ಸಿ.ಡಿ. ೨೦, ಕಿ-೬೭ ಮೊದಲಾದ ಗುರುತುಗಳಿಗೆ ಬಣ್ಣಹಾಕಿ ನೋಡಬೇಕು. ಸೂಜಿಯಿಂದ ಎಳೆದ ನಾಲ್ಕಾರು ಕಣಗಳು ಅನೇಕ ವೇಳೆ ಸಾಲವು. ಗ್ರಂಥಿಯ ರಚನೆಯೇ ಕಾಣಬೇಕಾಗುತ್ತದೆ.

ನಮ್ಮ ನಾಡಿನ ತೊಡಕು ಇಲ್ಲಿಯೇ ಇದೆ. ಜ್ವರ, ರಾತ್ರಿಯ ಬೆವರು, ತೂಕದ ಇಳಿತ, ಕೊರಳಿನಲ್ಲಿ ಗಂಟು—ಇವು ಕ್ಷಯದ ಲಕ್ಷಣಗಳೂ ಹೌದು, ಲಿಂಫೋಮದ ಲಕ್ಷಣಗಳೂ ಹೌದು. ಎಚ್‌.ಐ.ವಿ. ಸೋಂಕಿತರಲ್ಲಿ ಕ್ಷಯವೇ ಹೆಚ್ಚು ಸಾಮಾನ್ಯವಾದುದರಿಂದ ವೈದ್ಯರು ಮೊದಲು ಅದನ್ನು ಶಂಕಿಸುವುದು ಸಹಜ, ಬಹುವೇಳೆ ಸರಿಯೂ ಹೌದು. ಗಂಟನ್ನು ಪರೀಕ್ಷಿಸದೆ ಕ್ಷಯದ ಔಷಧವನ್ನು ಕೊಟ್ಟು ತಿಂಗಳುಗಟ್ಟಲೆ ಕಾಯುವುದು ಮಾತ್ರ ಬೇರೆಯ ಮಾತು. ಬರ್ಕಿಟ್ಟನ ಲಿಂಫೋಮವು ಕೆಲವೇ ದಿನಗಳಲ್ಲಿ ಇಮ್ಮಡಿಯಾಗಬಲ್ಲುದು. ಇಂದು ಎಚ್‌.ಐ.ವಿ. ಔಷಧಗಳೊಡನೆ ಕ್ಯಾನ್ಸರಿನ ಚಿಕಿತ್ಸೆಯನ್ನು ಸಕಾಲದಲ್ಲಿ ಪಡೆದವರಲ್ಲಿ ಅನೇಕರು ಸೋಂಕಿಲ್ಲದವರಷ್ಟೇ ಚೆನ್ನಾಗಿ ಗುಣಹೊಂದುತ್ತಾರೆ. ಕಳೆದ ತಿಂಗಳುಗಳ ಬೆಲೆ ಇದರಿಂದ ತಿಳಿಯುತ್ತದೆ.

ದೂರದ ಲೆಕ್ಕವನ್ನೂ ನೋಡಬೇಕು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು ೬೦ ಕಿಲೋಮೀಟರು, ಅಲ್ಲಿಂದ ಬೆಂಗಳೂರಿಗೆ ಸುಮಾರು ೧೪೦. ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಅಲ್ಲಿ ವೈದ್ಯಕೀಯ ಕಾಲೇಜು ತೆರೆದುದು ೨೦೧೬ರಲ್ಲಿ. ತತ್ಪೂರ್ವದಲ್ಲಿ ಈ ಭಾಗದ ರೋಗಿಗೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯೇ ದೊಡ್ಡ ಆಶ್ರಯ. ಕ್ಯಾನ್ಸರಾದರೆ ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆ. ಎಚ್‌.ಐ.ವಿ. ಔಷಧವನ್ನು ಉಚಿತವಾಗಿ ಕೊಡುವ ಸರಕಾರದ ಕಾರ್ಯಕ್ರಮವು ೨೦೦೪ರ ಏಪ್ರಿಲ್ ೧ರಂದು ಮೊದಲಾಯಿತು. ೨೦೧೭ರಿಂದ ಸಿ.ಡಿ. ೪ ಎಣಿಕೆ ಎಷ್ಟೇ ಇರಲಿ, ಸೋಂಕಿತರೆಲ್ಲರಿಗೂ ಔಷಧ ಸಲ್ಲುತ್ತದೆ. ಇಂತಹ ಔಷಧದಿಂದ ಲಿಂಫೋಮಗಳು ಕಡಮೆಯಾಗುತ್ತವೆ, ಇಲ್ಲವಾಗುವುದಿಲ್ಲ. ಹಾಡ್ಜ್‌ಕಿನ್ ಬಗೆಯದು ಅಷ್ಟಾಗಿ ಇಳಿದೂ ಇಲ್ಲ.

ಇನ್ನು ಅಂಕಿ ಅಂಶಗಳು. ೧೯೮೦ರ ದಶಕದ ಆರಂಭದಲ್ಲಿ ಕಿದ್ವಾಯಿಯಲ್ಲಿ ಮೊದಲಾದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯು ಆ ನಗರದ ನಿವಾಸಿಗಳನ್ನು ಎಣಿಸತಕ್ಕದ್ದು, ಗುಂಡ್ಲುಪೇಟೆಯವರನ್ನಲ್ಲ. ಎಚ್‌.ಐ.ವಿ. ಚಿಕಿತ್ಸೆಯ ದಾಖಲೆಗಳು ಬೇರೆಡೆ ಇರುತ್ತವೆ, ಅವುಗಳ ಗೋಪ್ಯತೆಯನ್ನು ೨೦೧೭ರ ಶಾಸನವು ಉಚಿತವಾಗಿಯೇ ರಕ್ಷಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕ್ಷಯವೆಂದು ಬರೆಯಲ್ಪಟ್ಟು ತೀರಿಕೊಂಡವನ ಗಂಟು ಯಾವ ಕ್ಯಾನ್ಸರ್ ಪುಸ್ತಕವನ್ನೂ ಸೇರುವುದಿಲ್ಲ. ಹೀಗಿರುವಾಗ ಎಣಿಕೆ ಅಲ್ಪವೆಂಬುದರಿಂದ ಈ ರೋಗವು ಇಲ್ಲಿ ವಿರಳವೆನ್ನುವುದು, ಶಾಸನ ಸಿಕ್ಕದ ಊರನ್ನು ಯಾವ ಅರಸನೂ ಆಳಲಿಲ್ಲವೆಂದಂತೆ.

ರಕ್ತದ ಸೂಕ್ಷ್ಮಪರೀಕ್ಷೆಗಳಲ್ಲಿ ಹಲವಕ್ಕೆ ಶೀತಲ ವ್ಯವಸ್ಥೆಯೂ ಬೆಲೆಬಾಳುವ ಯಂತ್ರಗಳೂ ಬೇಕು. ಗ್ರಂಥಿಯ ತುಂಡು ಹಾಗಲ್ಲ. ಸಾಕಷ್ಟು ಫಾರ್ಮಾಲಿನ್ ತುಂಬಿದ ಬಾಯಗಲದ ಸೀಸೆಯಲ್ಲಿ ಅದು ಹಿಮದ ಹಂಗಿಲ್ಲದೆ ಸರಕಾರಿ ಬಸ್ಸಿನಲ್ಲಿಯೂ ಮೈಸೂರನ್ನು ಸೇರಬಲ್ಲುದು. ಅಲ್ಲಿ ಮೇಣದ ಅಚ್ಚಿನಲ್ಲಿ ಕೂರಿಸಿದ ಮೇಲೆ ಹತ್ತಾರು ವರ್ಷ ಉಳಿಯುತ್ತದೆ; ಎಪ್‌ಸ್ಟೀನ್-ಬಾರ್ ವೈರಾಣುವಿನ ಗುರುತನ್ನು ಅಂತಹ ಹಳೆಯ ಅಚ್ಚುಗಳಿಂದಲೂ ಓದಬಹುದು.