ನಡುವೆ ಬಿಟ್ಟವಳ ಇಂಗ್ಲಿಷು

ವಿಮೆ ಮಾಡಿಸಿದವರಿಗೆಲ್ಲ ‘ಸರೆಂಡರ್ ವ್ಯಾಲ್ಯೂ’ ಎಂಬ ಮಾತು ಗೊತ್ತಿರುತ್ತದೆ. ಕಂತು ಕಟ್ಟಲಾಗದೆ ಪಾಲಿಸಿಯನ್ನು ನಡುವೆಯೇ ಬಿಟ್ಟುಕೊಟ್ಟರೆ ಕೈಗೆ ಸಿಗುವ ಹಣ ಅದು. ಈ ಮಾತನ್ನು ಶಾಲೆಯ ಇಂಗ್ಲಿಷಿಗೆ ಹಚ್ಚಿ ನೋಡಿದವರು ಮೈಕೇಲ್ ವೆಸ್ಟ್. 1920ರ ದಶಕದಲ್ಲಿ ಅವರು ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಢಾಕಾ ಆಗ ಅವಿಭಜಿತ ಬಂಗಾಳದ ಊರು.

ಇಂಗ್ಲಿಷ್ ಕಲಿಯತೊಡಗಿದ ಮಕ್ಕಳಲ್ಲಿ ಬಹಳ ಮಂದಿ ಕೊನೆಯ ತರಗತಿಯನ್ನು ಮುಟ್ಟುವುದೇ ಇಲ್ಲ. ಎರಡೋ ಮೂರೋ ವರ್ಷ ಓದಿ ಬಿಟ್ಟ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ? 1926ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ವೆಸ್ಟ್ ಎತ್ತಿದ ಪ್ರಶ್ನೆ ಇದು. ಎಷ್ಟು ವರ್ಷ ಕಲಿತಿದೆಯೋ ಅಷ್ಟಕ್ಕೆ ತಕ್ಕ ಪ್ರಯೋಜನ ಮಗುವಿಗೆ ದಕ್ಕಬೇಕು ಎಂಬುದು ಅವರ ವಾದ. ಅದಕ್ಕಾಗಿ ಅವರು ಮಾತಿಗಿಂತ ಓದಿಗೆ ಮೊದಲ ಸ್ಥಾನ ಕೊಟ್ಟರು. ಮಾತಾಡಲು ಎದುರಿಗೊಬ್ಬರು ಬೇಕು; ಓದಲು ಪುಸ್ತಕವೊಂದಿದ್ದರೆ ಸಾಕು. ಆಡಬಲ್ಲ ಪದಗಳಿಗಿಂತ ಓದಿ ಗುರುತಿಸಬಲ್ಲ ಪದಗಳೇ ಯಾವಾಗಲೂ ಹೆಚ್ಚು.

ಆಗಿನ ಪಠ್ಯಗಳಲ್ಲಿ ಹೊಸ ಪದಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಒಮ್ಮೆ ಬಂದದ್ದು ಮತ್ತೆ ಕಣ್ಣಿಗೆ ಬೀಳುವುದು ಅಪರೂಪ. ವೆಸ್ಟ್ ಪಾಠಗಳನ್ನು ತಿದ್ದಿ ಬರೆದರು. ‘ಐಲ್’ ಎಂಬಲ್ಲಿ ‘ಐಲೆಂಡ್’, ‘ಈರ್’ ಎಂಬಲ್ಲಿ ‘ಬಿಫೋರ್’ ಬಂದವು. ಹೊಸ ಪದಗಳ ನಡುವೆ ಅಂತರವಿಟ್ಟು, ಬಂದ ಪದವೇ ಮತ್ತೆ ಮತ್ತೆ ಬರುವಂತೆ ಪಾಠಗಳನ್ನು ಉದ್ದ ಮಾಡಿದರು.

ಯಾವ ಪದಗಳನ್ನು ಮೊದಲು ಕಲಿಸಬೇಕು ಎಂದು ಟೋಕಿಯೋದಲ್ಲಿ ಹೆರಾಲ್ಡ್ ಪಾಮರ್ ಕೂಡ ಯೋಚಿಸುತ್ತಿದ್ದರು. 1934ರಲ್ಲಿ ಕಾರ್ನೆಗಿ ಸಂಸ್ಥೆಯ ನೆರವಿನಿಂದ ಇಂಥವರೆಲ್ಲ ನ್ಯೂಯಾರ್ಕಿನಲ್ಲಿ ಸೇರಿದರು. ಆ ಕೆಲಸ ಮುಂದುವರಿದು 1953ರಲ್ಲಿ ವೆಸ್ಟ್ ಸಂಪಾದಿಸಿದ ಪಟ್ಟಿ ಹೊರಬಂತು. ಅದರಲ್ಲಿ ಸುಮಾರು 2000 ಪದಗಳಿದ್ದವು. ಒಂದು ಪದಕ್ಕೆ ಹಲವು ಅರ್ಥಗಳಿದ್ದರೆ ಯಾವ ಅರ್ಥ ಎಷ್ಟು ಬಳಕೆಯಲ್ಲಿದೆ ಎಂಬ ಲೆಕ್ಕವೂ ಅಲ್ಲಿತ್ತು.

ಈ ಲೆಕ್ಕ ನನ್ನಂಥ ಟೀಚರಿಗೆ ಬಹಳ ಬೇಕಾದದ್ದು. ಹೈಸ್ಕೂಲಿನ ಹುಡುಗಿಯರಿಗೆ ಇಂಗ್ಲಿಷ್ ಪದಗಳೇ ಗೊತ್ತಿಲ್ಲ ಎನ್ನುತ್ತಾರೆ. ಆದರೆ ಲೈಟು, ಕೇಸು, ಚಾರ್ಜು ಎಲ್ಲ ಅವರ ನಾಲಿಗೆಯ ಮೇಲೇ ಇವೆ. ಕಷ್ಟವೆಂದರೆ, ಲೈಟು ಎಂದರೆ ದೀಪ ಮಾತ್ರ. ಹಗುರ, ತಿಳಿಬಣ್ಣ ಎಂಬ ಅರ್ಥಗಳು ಪುಸ್ತಕದಲ್ಲಿ ಎದುರಾದಾಗ ಹುಡುಗಿ ತಡವರಿಸುತ್ತಾಳೆ. ಇರುವ ಮನೆಗೆ ಇನ್ನೊಂದು ಕೋಣೆ ಕಟ್ಟಿಸುವಂತೆ, ಗೊತ್ತಿರುವ ಪದಕ್ಕೆ ಇನ್ನೊಂದು ಅರ್ಥ ಸೇರಿಸುವುದು ಹೊಸ ಪದ ಕಲಿಸುವುದಕ್ಕಿಂತ ಸುಲಭ.

ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂತು. ಕಲಿಯುವ ವರ್ಷಗಳು ಹೆಚ್ಚಿದವು. ಆದರೆ ಗೈಡಿನ ಉತ್ತರ ಉರುಹೊಡೆದು ಪಾಸಾದವಳಿಗೆ ಪರೀಕ್ಷೆಯ ಮರುದಿನ ಏನು ಉಳಿಯುತ್ತದೆ? ಒಂಬತ್ತಕ್ಕೇ ಶಾಲೆ ಬಿಟ್ಟು ಗಾರ್ಮೆಂಟ್ಸಿಗೆ ಹೋಗುವವಳಿಗೆ, ಹತ್ತಾದ ಮೇಲೆ ಮದುವೆಯ ಮಾತು ಶುರುವಾಗುವವಳಿಗೆ ಉಳಿಯುವುದೇನು? ಮುಂದೆ ಕಾಲೇಜಿದೆ ಎನ್ನುವವರು ತಪ್ಪಿದ್ದನ್ನು ಅಲ್ಲಿ ಕಲಿತಾರು. ಇವರಿಗೆ ಮುಂದೆಂಬುದಿಲ್ಲ. ಔಷಧಿಯ ಚೀಟಿಯ ಮೇಲಿನ ನಾಲ್ಕು ಮಾತು, ಸಹಿ ಹಾಕುವ ಕಾಗದದ ಎರಡು ಸಾಲು ಯಾರನ್ನೂ ಕೇಳದೆ ಓದಿಕೊಳ್ಳುವಷ್ಟಾದರೂ ಅವಳ ಪಾಲಿಗೆ ಬರಬೇಕು. ತರಗತಿಯ ಮೊದಲ ಬೆಂಚಿಗಿಂತ ಮೊದಲು ಅವಳನ್ನು ನೆನೆದು ಪಾಠ ಹೂಡುವುದು ನ್ಯಾಯ.