ಮೆಕಾಲೆಯ ಲೆಕ್ಕ, ಆಡಮ್‌ನ ಎಣಿಕೆ

1835ರ ಫೆಬ್ರವರಿ 2ರಂದು ಮೆಕಾಲೆ ಬರೆದ ಶಿಕ್ಷಣ ಟಿಪ್ಪಣಿಯನ್ನು ನಾವು ಸಾಮಾನ್ಯವಾಗಿ ಅದರ ಅಹಂಕಾರಕ್ಕಾಗಿ ನೆನೆಯುತ್ತೇವೆ. ಅರಬ್ಬಿ, ಸಂಸ್ಕೃತಗಳೆರಡನ್ನೂ ತಾನರಿಯೆನೆಂದು ಒಪ್ಪಿಕೊಂಡೇ ಅವುಗಳ ಸಾಹಿತ್ಯಕ್ಕೆ ಬೆಲೆ ಕಟ್ಟಿದವನು ಆತ. ಆದರೆ ಸರ್ಕಾರಿ ಕಡತಗಳ ನಡುವೆ ಬದುಕುವ ನನ್ನಂಥವರ ಕಣ್ಣಿಗೆ ಮೊದಲು ಬೀಳುವುದು ಅದರೊಳಗಿನ ಜಮಾಖರ್ಚು. ವಾರನ್ ಹೇಸ್ಟಿಂಗ್ಸ್ ಸ್ಥಾಪಿಸಿದ ಕಲ್ಕತ್ತಾ ಮದರಸಾದ 1833ರ ಡಿಸೆಂಬರ್ ತಿಂಗಳ ಲೆಕ್ಕವನ್ನು ಆತ ಮುಂದಿಡುತ್ತಾನೆ. ಅರಬ್ಬಿ ಕಲಿಯುವ 77 ವಿದ್ಯಾರ್ಥಿಗಳಿಗೆ ತಿಂಗಳಿಗೆ 500 ರೂಪಾಯಿಗೂ ಮಿಕ್ಕ ವಿದ್ಯಾರ್ಥಿವೇತನ. ಇನ್ನೊಂದು ಬದಿಯಲ್ಲಿ, ಇಂಗ್ಲಿಷ್ ಕಲಿಯಲು ಹೊರಗಿನಿಂದ ಬರುತ್ತಿದ್ದವರು ಮೂರು ತಿಂಗಳಲ್ಲಿ ತೆತ್ತ ಶುಲ್ಕ 103 ರೂಪಾಯಿ. ಅರಬ್ಬಿ, ಸಂಸ್ಕೃತ ಪುಸ್ತಕಗಳ ಮುದ್ರಣಕ್ಕೆ ಮೂರು ವರ್ಷಗಳಲ್ಲಿ ಸುಮಾರು 60,000 ರೂಪಾಯಿ ವೆಚ್ಚವಾಗಿ, ಮಾರಾಟದಿಂದ ಒಂದು ಸಾವಿರವೂ ಹುಟ್ಟಲಿಲ್ಲವೆಂದೂ ಬರೆಯುತ್ತಾನೆ.

ಹಣ ಕೊಟ್ಟು ಕಲಿಸಬೇಕಾದ ಭಾಷೆಯೊಂದು, ಹಣ ತೆತ್ತು ಕಲಿಯುವ ಭಾಷೆಯೊಂದು: ವಾದ ಬಿಗಿಯಾಗಿದೆ. ಇಂಗ್ಲಿಷಿನ ಬೆನ್ನಿಗೆ ಕಂಪನಿಯ ಕಚೇರಿಯೇ ನಿಂತಿತ್ತೆಂಬುದು ಮಾತ್ರ ಆ ಜಮಾಖರ್ಚಿನಲ್ಲಿ ಕಾಣದು. ಮಾರ್ಚ್ 7ರಂದು ಬೆಂಟಿಂಕನ ನಿರ್ಣಯ ಹೊರಬಿದ್ದು, ಶಿಕ್ಷಣದ ನಿಧಿ ಇಂಗ್ಲಿಷಿಗೆ ಮೀಸಲಾಯಿತು.

ಇದೇ ಬೆಂಟಿಂಕ್ ಆ ಜನವರಿಯಲ್ಲಷ್ಟೇ ವಿಲಿಯಂ ಆಡಮ್‌ನನ್ನು ಬಂಗಾಳದ ದೇಶೀ ಶಾಲೆಗಳ ಸಮೀಕ್ಷೆಗೆ ನೇಮಿಸಿದ್ದ. ವರದಿ ಕೈಸೇರುವ ಮೊದಲೇ ನಿರ್ಣಯ! (ಇಂದಿನ ಕಚೇರಿಗಳಿಗೂ ಇದು ಅಪರಿಚಿತ ಪದ್ಧತಿಯೇನಲ್ಲ.) ಆಡಮ್ ಮತಪ್ರಚಾರಕ್ಕೆಂದು ಬಂದು, ರಾಮಮೋಹನ ರಾಯರ ಒಡನಾಟದಲ್ಲಿ ತ್ರಿತ್ವದ ನಂಬಿಕೆಯನ್ನೇ ತೊರೆದ ಸ್ಕಾಟ್‌ಲೆಂಡಿನವನು. ಎಂ.ಎ. ತರಗತಿಯಲ್ಲಿ ನಮಗೆ ಮೆಕಾಲೆಯ ಗದ್ಯದ ಪರಿಚಯವಾಯಿತು. ಈತನ ಹೆಸರನ್ನು ಯಾರೂ ಎತ್ತಲಿಲ್ಲ.

ರಾಜಶಾಹಿಯ ನಾಟೋರ್ ಠಾಣೆಯಿಂದ ಮುರ್ಷಿದಾಬಾದ್, ಬೀರ್‌ಭೂಮ್, ಬರ್ದ್ವಾನ್, ದಕ್ಷಿಣ ಬಿಹಾರ, ತಿರ್ಹುತ್‌ಗಳವರೆಗೆ ಆಡಮ್ ಶಾಲೆಗಳನ್ನೂ, ಆಯ್ದ ಠಾಣೆಗಳಲ್ಲಿ ಮನೆಮನೆಯ ಅಕ್ಷರಸ್ಥರನ್ನೂ ಎಣಿಸಿದ. ಅಕ್ಷರಜ್ಞಾನವೆಂಬುದು ಇದೆ–ಇಲ್ಲ ಎಂಬ ಎರಡೇ ಮಾತಿನ ವಿಷಯವಲ್ಲವೆಂದು ಅವನಿಗೆ ಗೊತ್ತಿತ್ತು. ವಿದ್ವಾಂಸರು, ಓದುಬರಹ ಬಲ್ಲವರು, ಸಹಿಯಷ್ಟೇ ಹಾಕಬಲ್ಲವರು ಎಂದು ಅವನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದ. ಅರಬ್ಬಿ ಶಾಲೆಗಳಲ್ಲೂ ಎರಡು ಬಗೆಯನ್ನು ಕಂಡ: ಅರ್ಥವರಿಯದೆ ಕುರಾನಿನ ಅಕ್ಷರಗಳನ್ನು ಉಚ್ಚರಿಸಲು ಕಲಿಸುವವು ಕೆಲವು, ವ್ಯಾಕರಣ ತರ್ಕಗಳವರೆಗೆ ಒಯ್ಯುವವು ಕೆಲವು. ಪಾರಸಿ ಶಾಲೆಗಳಲ್ಲಿ ಮುಸ್ಲಿಮರಿಗಿಂತ ಹಿಂದೂ ವಿದ್ಯಾರ್ಥಿಗಳೇ ಹೆಚ್ಚಿದ್ದರು. ನ್ಯಾಯಾಲಯದ ಭಾಷೆ ಆಗ ಪಾರಸಿಯಾಗಿತ್ತಲ್ಲ! ಅನ್ನದ ದಾರಿಯನ್ನು ಹಿಡಿದು ಭಾಷೆ ಕಲಿಯುವುದು ಇಂಗ್ಲಿಷಿನಿಂದ ಆರಂಭವಾದದ್ದಲ್ಲ.

ಇದ್ದ ಶಾಲೆಗಳ ಮೇಲೆಯೇ ಕಟ್ಟಬೇಕು, ದೇಶಭಾಷೆಗಳಲ್ಲಿ ಪಠ್ಯಗಳನ್ನು ಸಿದ್ಧಪಡಿಸಬೇಕು, ಊರ ಉಪಾಧ್ಯಾಯರನ್ನು ಪರೀಕ್ಷಿಸಿ ಪುರಸ್ಕರಿಸಬೇಕು ಎಂಬುದು 1838ರ ಮೂರನೆಯ ವರದಿಯ ಸಲಹೆ. ಕಾರ್ಯಸಾಧ್ಯವಲ್ಲವೆಂದು ಸರ್ಕಾರ ಅದನ್ನು ಬದಿಗಿರಿಸಿತು. ಆಡಮ್ ಭಾರತವನ್ನು ಬಿಟ್ಟ. ಮೂವತ್ತು ವರ್ಷಗಳ ಬಳಿಕ, 1868ರಲ್ಲಿ, ಜೇಮ್ಸ್ ಲಾಂಗ್ ಎಂಬ ಪಾದ್ರಿ ಆ ವರದಿಗಳನ್ನು ಕಲ್ಕತ್ತೆಯಲ್ಲಿ ಮರುಮುದ್ರಿಸಿದ.