ಕಾಶಿಯಲ್ಲಿ ಓದಿದ ಕನ್ನಡಿಗರು, ಕ್ಷ-ಕಿರಣದ ಆಕಾಶ

ಕನ್ನಡ ನಾಡಿನವರು ಕಾಶಿಗೆ ಬರುವುದು ಪುಣ್ಯಕ್ಕಾಗಿ ಎಂಬುದು ವಾಡಿಕೆಯ ಮಾತು. ವಿದ್ಯೆಗಾಗಿ ಬಂದವರೂ ಉಂಟು. 1916ರಲ್ಲಿ ಇಲ್ಲಿ ಹಿಂದೂ ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಅದರ ಮೊದಲ ಕುಲಾಧಿಪತಿಗಳಾದವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರು. ಮುಂದೆ ಅದೇ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್‌ಸಿ. ಪದವಿ ಪಡೆದವರು ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾಯರು. ಇಲ್ಲಿಂದ ಅಹಮದಾಬಾದಿಗೆ ಹೋಗಿ ವಿಕ್ರಮ್ ಸಾರಾಭಾಯಿಯವರ ಬಳಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿದರು. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಅವರನ್ನು ನೆನೆಯುವುದು ಉಚಿತವೆಂದು ನಮಗೆ ತೋರುತ್ತದೆ.

ಆಸ್ಪತ್ರೆಯ ಕ್ಷ-ಕಿರಣವನ್ನು ನಾವೆಲ್ಲರೂ ಬಲ್ಲೆವು. ಅದನ್ನು ಸೂಸುವ ಕಾಯಗಳು ಆಕಾಶದಲ್ಲಿಯೂ ಇವೆ. ಆದರೆ ಆ ಕಿರಣಗಳು ನೆಲವನ್ನು ಮುಟ್ಟುವ ಮೊದಲೇ ವಾಯುಮಂಡಲವು ಅವನ್ನು ಹೀರಿಬಿಡುತ್ತದೆ. ಎತ್ತರದ ಬೆಟ್ಟದ ಮೇಲಿಟ್ಟ ದೂರದರ್ಶಕಕ್ಕೂ ಅವು ಸಿಕ್ಕವು, ಉಪಕರಣವೇ ಮೇಲೇರಬೇಕು. 1962ರಲ್ಲಿ ಅಮೆರಿಕದ ರಾಕೆಟ್ಟೊಂದು ವೃಶ್ಚಿಕ ರಾಶಿಯ ಕಡೆಯಿಂದ, ಸೌರಮಂಡಲದಾಚೆಯಿಂದ ಬರುತ್ತಿದ್ದ ಇಂಥ ಕಿರಣಗಳನ್ನು ಮೊದಲ ಬಾರಿಗೆ ಕಂಡುಹಿಡಿಯಿತು.

ಹತ್ತು ವರ್ಷಗಳ ತರುವಾಯ, 1972ರಲ್ಲಿ, ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ನಮ್ಮ ದೇಶದ ಮೊದಲ ಉಪಗ್ರಹದ ಕೆಲಸ ಆರಂಭವಾಯಿತು. ಅದೇ ‘ಆರ್ಯಭಟ’. ತೂಕ 360 ಕಿಲೋಗ್ರಾಂ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಅದನ್ನು ಕಕ್ಷೆಗೇರಿಸಿತು. ಅದರ ಮೂರು ಪ್ರಯೋಗಗಳಲ್ಲಿ ಒಂದು ಆಕಾಶದ ಕ್ಷ-ಕಿರಣಗಳನ್ನು ಕುರಿತದ್ದು. ನಾಲ್ಕೈದು ದಿನಗಳಲ್ಲಿಯೇ ವಿದ್ಯುತ್ತಿನ ಪೂರೈಕೆ ಕೆಟ್ಟು ಪ್ರಯೋಗಗಳು ನಿಂತುಹೋದವು. ಅಷ್ಟರಲ್ಲಿ ಉಪಕರಣವು ಹಂಸ ನಕ್ಷತ್ರಪುಂಜದ ಪ್ರಸಿದ್ಧ ಕ್ಷ-ಕಿರಣ ಮೂಲವಾದ ಸಿಗ್ನಸ್ ಎಕ್ಸ್-1ನ್ನು ನೋಡಿತ್ತು. ಉಪಗ್ರಹವಾದರೋ 1981ರವರೆಗೂ ಸಂಕೇತಗಳನ್ನು ಕಳುಹಿಸುತ್ತಲೇ ಇದ್ದಿತು.

ಇದನ್ನು ಸೋಲೆನ್ನೋಣವೇ? ಉಪಗ್ರಹ ಕಟ್ಟುವ ವಿದ್ಯೆಯನ್ನು ನಮ್ಮವರು ಕಲಿತದ್ದು ಈ ಕೆಲಸದಲ್ಲಿಯೇ. 2015ರ ಸೆಪ್ಟೆಂಬರ್ 28ರಂದು ಕ್ಷ-ಕಿರಣ, ನೇರಳಾತೀತ ಕಿರಣಗಳೆರಡನ್ನೂ ನೋಡಬಲ್ಲ ‘ಆಸ್ಟ್ರೋಸ್ಯಾಟ್’ ಶ್ರೀಹರಿಕೋಟೆಯಿಂದ, ನಮ್ಮದೇ ರಾಕೆಟ್ಟಿನಲ್ಲಿ, ಮೇಲೇರಿತು. ಆಗ ರಾಯರಿಗೆ 83 ವರ್ಷ. 2017ರಲ್ಲಿ ಅವರು ತೀರಿಕೊಂಡರು. ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. 2024ರ ಜನವರಿ 1ರಂದು ಹಾರಿದ ‘ಎಕ್ಸ್‌ಪೋಸ್ಯಾಟ್’ ಉಪಗ್ರಹದ ಮುಖ್ಯ ಉಪಕರಣವನ್ನು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ಆ ಕೇಂದ್ರದ ನೆರವಿನಿಂದಲೇ ನಿರ್ಮಿಸಿದರು.

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಮಕ್ಕಳ ಓದೇ ದೊಡ್ಡ ಆಸ್ತಿ. ಪರೀಕ್ಷೆಯಲ್ಲಿ ಒಮ್ಮೆ ಎಡವಿದ ಮಗುವನ್ನು ಗದರಿಸುವ ಮೊದಲು ಆ ನಾಲ್ಕೈದು ದಿನಗಳ ಕಥೆಯನ್ನು ಹೇಳೋಣ, ಕನ್ನಡದಲ್ಲಿಯೇ ಹೇಳೋಣ.